ಹೆಳವರ ಪುಸ್ತಕದಲ್ಲಿ ನಮ್ಮ ಮನೆ

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಗುಂಪಿಗೆ ಸೇರಿದವನು ನಾನು. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಔಷಧದ ಅಂಗಡಿಯವರು ಹಂಚುವ ಕ್ಯಾಲೆಂಡರು ನಮ್ಮ ಮನೆಯ ಎಲ್ಲ ಗೋಡೆಗಳ ಮೇಲೂ ಇದೆ. ಬಚ್ಚಲಲ್ಲಿ ಕೂಡ ಒಂದಿದೆ, ಅದರ ನಾಲ್ಕು ತಿಂಗಳು ತೋಯ್ದು ಒಂದಕ್ಕೊಂದು ಅಂಟಿಕೊಂಡಿವೆ. ಉಚಿತ ಶಿಬಿರವೆಂದು ಕೇಳಿದರೆ ಒಂದೇ ಬೆಳಿಗ್ಗೆ ಎರಡು ಕಡೆ ಸಕ್ಕರೆ ಪರೀಕ್ಷೆ ಮಾಡಿಸಿಕೊಂಡು, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ನಂಬುತ್ತೇನೆ. ಹೀಗಾಗಿ ನಿವೃತ್ತನಾದ ಮೂರನೆಯ ತಿಂಗಳು ಮೊಬೈಲಿನಲ್ಲಿ “ನಿಮ್ಮ ಪೂರ್ವಜರನ್ನು ಹುಡುಕಿ, ಸಂಪೂರ್ಣ ಉಚಿತ” ಎಂಬ ಸಾಲು ಕಂಡಾಗ ಗಾದೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದೆ. ಅಪ್ಪನಿಗಷ್ಟೇ ಏಕೆ, ಅಜ್ಜ ಮುತ್ತಜ್ಜಂದಿರಿಗೂ ಇರಲಿ ಎಂದು ಅಲ್ಲೇ ಹೆಸರು ನೋಂದಾಯಿಸಿಕೊಂಡೆ.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಕಾಗದಪತ್ರದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವ ಅಗತ್ಯವಿಲ್ಲ. ಬೆಳಗಾವಿಯ ದೊಡ್ಡ ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಕೂತು ಎದ್ದವನು ನಾನು. ರೋಗಿಯ ಹೆಸರನ್ನು ಅರ್ಧ ಹೇಳಿದರೆ ಸಾಕು, ಅವರ ಫೈಲು ಯಾವ ಕಪಾಟಿನಲ್ಲಿದೆ ಎಂದು ಕುರ್ಚಿಯಿಂದ ಏಳದೆ ಹೇಳುತ್ತಿದ್ದೆ. ಡಾಕ್ಟರರ ಕೈಬರಹ ಓದುವುದರಲ್ಲಂತೂ ನನ್ನನ್ನು ಮೀರಿಸಿದವರಿಲ್ಲ. ತಾವೇ ಬರೆದದ್ದು ಏನೆಂದು ಕೇಳಲು ಡಾಕ್ಟರರು ನನ್ನ ಬಳಿ ಬಂದದ್ದುಂಟು. ಇಂಥವನಿಗೆ ಏಳು ತಲೆಮಾರಿನ ಹೆಸರು ಹುಡುಕುವುದು ಯಾವ ಮಹಾ ಕೆಲಸ? ಎರಡು ವಾರ ಸಾಕು ಎಂದು ಹೆಂಡತಿ ಮಹಾದೇವಿಗೆ ಹೇಳಿದೆ. ಅವಳು ಮೆಂತೆ ಪಲ್ಲೆ ಸೋಸುತ್ತ ಕೂತಿದ್ದಳು. ತಲೆ ಎತ್ತದೆ, “ಮದಲ ಹ್ವಾದ ತಿಂಗಳದ ಲೈಟ್ ಬಿಲ್ ಎಲ್ಲಿಟ್ಟೀರಿ ಹುಡುಕ್ರಿ. ಏಳು ತಲಿ ಆಮ್ಯಾಲ ನೋಡೂಣು,” ಎಂದಳು.

ಲೈಟ್ ಬಿಲ್ಲು ಸಿಗಲಿಲ್ಲ. ತಲೆಮಾರುಗಳು ಮಾತ್ರ ಸರಸರ ಸಿಕ್ಕವು, ಮೊದಲ ಅರ್ಧ ಗಂಟೆ. ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಪದ್ಧತಿ. ನಾನು ಶಿವಪುತ್ರ, ನಮ್ಮಪ್ಪ ಬಸಪ್ಪ, ಅವನಪ್ಪ ಶಿವಪುತ್ರ, ಅವನಪ್ಪ ಮತ್ತೆ ಬಸಪ್ಪ. ಎರಡೇ ಹೆಸರಿನಲ್ಲಿ ಒಂದು ಮನೆತನವನ್ನೇ ನಡೆಸಿದ ಮಿತವ್ಯಯಿಗಳು ನಮ್ಮವರು. ಇದು ಆ ಜಾಲತಾಣಕ್ಕೆ ಹೇಗೆ ಗೊತ್ತಾಗಬೇಕು? “ಈ ಇಬ್ಬರು ಶಿವಪುತ್ರರು ಒಬ್ಬರೇ ಇರಬಹುದೆ? ಒಂದುಗೂಡಿಸಲೆ?” ಎಂದು ಬಹಳ ವಿನಯದಿಂದ ಕೇಳಿತು. ಪೂರ್ತಿ ಓದುವ ವ್ಯವಧಾನವಿಲ್ಲದೆ ನಾನು “ಹೌದು” ಒತ್ತಿದೆ. ಮರುಕ್ಷಣ ನಾನು ನನ್ನ ಅಜ್ಜನಾಗಿ, ನನ್ನ ಅಪ್ಪನ ಮೇಲೆ ಹೋಗಿ ಕೂತಿದ್ದೆ. ಲೆಕ್ಕದ ಪ್ರಕಾರ ಮಹಾದೇವಿ ತನ್ನ ಮಾವನಿಗೆ ತಾಯಿಯಾದಳು. ಗಾಬರಿಯಾಗಿ ಅವಳಿಗೆ ತೋರಿಸಿದರೆ, “ಮಾವಾರ ಮಾತ ಮೀರಲಾರದ ಇಷ್ಟ ವರ್ಷ ಬಾಳೇ ಮಾಡೇನಿ. ಈಗರೆ ಅವರ ತಾಯಿ ಆದ್ನೆಲ್ಲ, ಇರ್ಲಿ ಬಿಡ್ರಿ, ತಿದ್ದಬ್ಯಾಡ್ರಿ,” ಎಂದಳು. ತಿದ್ದಲು ನನಗೆ ನಾಲ್ಕು ದಿನ ಹಿಡಿಯಿತು.

ನನಗೆ ಬಂಧುಗಳನ್ನು ಹುಡುಕುವ ಹುಚ್ಚು ಹತ್ತಿದ್ದು ಅವಳಿಗೆ ನಗೆಯ ವಿಷಯವಾಗಿತ್ತು. ಅದಕ್ಕೆ ಕಾರಣವೂ ಇದೆ. ನಮ್ಮ ಮನೆ ಇರುವುದು ನೆಹರು ನಗರದಲ್ಲಿ, ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ. ಖಾನಾಪುರ ತಾಲೂಕಿನಲ್ಲಿ ಯಾರಿಗೆ ಮೊಣಕಾಲು ಹಿಡಿದರೂ, ಯಾರ ಕಣ್ಣಿಗೆ ಪೊರೆ ಬಂದರೂ ಅವರು ನನಗೆ ಸಂಬಂಧಿಕರಾಗಿಯೇ ಬರುತ್ತಿದ್ದರು. ಒಬ್ಬರಿಗೆ ಚಿಕಿತ್ಸೆ, ಜತೆಗೆ ನಾಲ್ವರು, ಅವರಿಗೆ ಊಟ, ನಮಗೆ ಚಾಪೆ. ಮೊದಲ ಹತ್ತು ವರ್ಷ ನಕ್ಕೊಂತ ಮಾಡಿದೆವು. ಆಮೇಲೆ ನಾನು ಬಾಗಿಲಿಗೆ ಕಬ್ಬಿಣದ ಜಾಲರಿ ಹಾಕಿಸಿದೆ, ಹೊರಗೆ ನಿಂತವರನ್ನು ನೋಡಲು ಕಿಂಡಿ ಕೊರೆಸಿದೆ, “ಮೊದಲು ಫೋನ್ ಮಾಡಿ ಬನ್ನಿ” ಎಂಬ ಬೋರ್ಡನ್ನೂ ತೂಗುಹಾಕಿದೆ. ಒಂದು ಭಾನುವಾರ ಬೆಳಿಗ್ಗೆ ಯಾರೋ ಬಹಳ ಹೊತ್ತು ಗಂಟೆ ಒತ್ತಿದರು. ನಾನು ಪೇಪರ್ ಓದುತ್ತಿದ್ದೆ. ಬೇಸರದಲ್ಲಿ ಕೂತಲ್ಲಿಂದಲೇ, “ಮನ್ಯಾಗ ಯಾರೂ ಇಲ್ಲ!” ಎಂದು ಕೂಗಿಬಿಟ್ಟೆ. ಗಂಟೆ ನಿಂತಿತು. ಮಹಾದೇವಿ ಈ ಕಥೆಯನ್ನು ಹನ್ನೆರಡು ವರ್ಷಗಳಿಂದ ಎಲ್ಲ ಮದುವೆಗಳಲ್ಲಿ ಹೇಳುತ್ತ ಬಂದಿದ್ದಾಳೆ. ಈಗ ಅದಕ್ಕೊಂದು ಬಾಲ ಸೇರಿಸಿದಳು: “ಜೀವಂತ ಇದ್ದವರು ಬಂದ್ರ ಬಾಗಲಾ ಹಾಕ್ಕೊಂತೀರಿ, ಸತ್ತವರನ್ನ ಹುಡುಕ್ಯಾಡಿ ಕರಿಯಾಕತ್ತೀರಿ.” ಸತ್ತವರು ಊಟ ಕೇಳುವುದಿಲ್ಲ ಎಂಬುದು ನನ್ನ ಉತ್ತರವಾಗಿತ್ತು.

ಇಷ್ಟರಲ್ಲಿ ಬೀಡಿಯಲ್ಲಿ ತೊಟ್ಟಿಲ ಕಾರ್ಯಕ್ರಮ ಬಂತು. ಖಾನಾಪುರ ತಾಲೂಕಿನ ಬೀಡಿ ನಮ್ಮ ಮೂಲ ಊರು. ಕಾಕಾನ ಮಕ್ಕಳು, ಮೊಮ್ಮಕ್ಕಳು ಹದಿನಾರು ಮಂದಿ ಇನ್ನೂ ಒಂದೇ ಮನೆಯಲ್ಲಿ ಜಗಳಾಡಿಕೊಂಡು ಸುಖವಾಗಿದ್ದಾರೆ. ಊಟವಾದ ಮೇಲೆ ಎಲೆಯಡಿಕೆಯ ಸಮಯ ನೋಡಿ ನಾನು ಎದ್ದು ನಿಂತೆ. ನಮ್ಮ ಮನೆತನದ ಏಳು ತಲೆಮಾರನ್ನು ಪತ್ತೆಹಚ್ಚಿ, ದೊಡ್ಡ ಫ್ಲೆಕ್ಸ್ ಮಾಡಿಸಿ, ಇದೇ ಪಡಸಾಲೆಯಲ್ಲಿ ಹಾಕಿಸುತ್ತೇನೆ ಎಂದು ಘೋಷಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟದೆ ಇದ್ದವಳು ನೀಲವ್ವತ್ತಿ ಒಬ್ಬಳೇ.

ನೀಲವ್ವತ್ತಿ ನಮ್ಮಪ್ಪನ ಅಕ್ಕ, ಎಂಬತ್ತಾರರ ಮುದುಕಿ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಆಗಷ್ಟೇ ತಾಯಿ ಸತ್ತಿದ್ದ ಆ ಮನೆಯನ್ನು ತಾನೇ ಹಿಡಿದು ನಡೆಸಿದಳು. ತಮ್ಮಂದಿರ ಮದುವೆ, ಎಮ್ಮೆ ಆಕಳು, ಬಿತ್ತನೆಯ ಬೀಜ, ಎಲ್ಲಾ ಅವಳ ಸೆರಗಿನ ಗಂಟಿನಲ್ಲಿದ್ದವು. ನಾನು ಹೊರಡುವಾಗ ಹಿತ್ತಲಿಗೆ ಕರೆದು, ಆಚೀಚೆ ನೋಡಿ, “ನಿನ್ನ ಏಳು ತಲ್ಯಾಗ ನನ್ನ ಹೆಸರು ಇರತೈತೇನೋ?” ಎಂದು ಕೇಳಿದಳು.

“ಇರಲಾರದ ಎಲ್ಲಿ ಹೋಗತೈತಿ ಅತ್ತಿ?”

“ಹಂಗ ಹಾರಿಸಿ ಮಾತಾಡಬ್ಯಾಡ. ಅರವತ್ತ ವರ್ಷದ ಹಿಂದ ಹೆಳವ ಬಂದಿದ್ದ. ಆ ವರ್ಷ ಮನ್ಯಾಗ ಏನೂ ಇರ್ಲಿಲ್ಲ, ನಮ್ಮಪ್ಪ ಬರಿಗೈಲೆ ಕಳಿಸಾಂವ ಇದ್ದ. ನಾ ಸಾಕಿದ್ದ ಆಕಳ ಕರು ಹಿಡದ ಕೊಟ್ಟೆ. ನನ್ನ ಹೆಸರು ಬರ್ಕೋರಿ ಅಂದೆ. ಹೆಣಮಕ್ಕಳ ಹೆಸರು ಬರಿಯೂದು ಪದ್ಧತಿ ಇಲ್ಲವಾ ಅಂದ. ಅಂದಾಂವ, ನನ್ನ ಮಾರಿ ನೋಡಿದ. ನೋಡಿ, ಪುಸ್ತಕದಾಗ ಏನೋ ಬರದ. ಏನ್ ಬರದ ಅಂತ ನನಗ ಓದಾಕ ಬರೂದಿಲ್ಲ.”

“ಆಮ್ಯಾಲ ಅವರು ಎಷ್ಟ ಸಲ ಬಂದಾರ. ಕೇಳಬೇಕಿಲ್ಲ?”

“ಕೇಳಿ, ಇಲ್ಲಾ ಅಂದ್ರ?” ಎಂದಳು ಅತ್ತಿ. ಅಷ್ಟು ವರ್ಷ ಎಲ್ಲರನ್ನೂ ಹೆದರಿಸಿಕೊಂಡಿದ್ದ ಹೆಂಗಸು ಒಂದು ಪುಸ್ತಕಕ್ಕೆ ಹೆದರಿಕೊಂಡು ಬಂದಿದ್ದಳು. ನಾನು ಅವಳ ಕೈ ಹಿಡಿದು, ನೋಡಿಯೇ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಹೆಳವರ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಕಡೆ ಮನೆತನಗಳ ಹೆಸರನ್ನು ಕಾಯ್ದುಕೊಂಡು ಬಂದವರು ಅವರು. ಹಿಂದೆ ಎತ್ತಿನ ಮೇಲೆ ಕೂತು ಬರುತ್ತಿದ್ದರು. ನಾಲ್ಕಾರು ವರ್ಷಕ್ಕೊಮ್ಮೆ ಬೆಳಿಗ್ಗೆ ಮನೆಯ ಮುಂದೆ ನಿಂತು, ಮೂಲ ಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರುಗಳನ್ನು ರಾಗವಾಗಿ ಹೇಳುತ್ತಾರೆ. ಈ ನಡುವೆ ಹುಟ್ಟಿದವರನ್ನು ಕೇಳಿ ಬರೆದುಕೊಳ್ಳುತ್ತಾರೆ. ಮನೆಯವರು ಜೋಳ, ಬಟ್ಟೆ, ಕರು, ಕೈಲಾದದ್ದು ಕೊಡುತ್ತಾರೆ. ಹೆಸರು ಹಾಡುವಾಗ ಗಂಡಸರದ್ದಷ್ಟೇ ಹಾಡುತ್ತಾರೆ. ಉಳಿದದ್ದು ಪುಸ್ತಕದೊಳಗೆ ಇರುತ್ತದೆ, ಅದನ್ನು ಬಲ್ಲವರು ಅವರೇ.

ಬೆಳಗಾವಿಗೆ ಬಂದವನೇ ಮೊದಲು ಅತ್ತಿಯ ಹೆಸರನ್ನು ನಾನೇ ಆ ಜಾಲತಾಣದ ವಂಶವೃಕ್ಷದಲ್ಲಿ ಹಾಕಿ, ಬೀಡಿಗೆ ಫೋನು ಮಾಡಿ ಶುಭಸುದ್ದಿ ಹೇಳಿದೆ. ಅತ್ತಿ ಕಾಕಾನ ಸೊಸೆಯ ಫೋನಿನಲ್ಲಿ ತೆಗೆಸಿ ನೋಡಿದಳು. ಅವಳಿದ್ದ ಜಾಗದಲ್ಲಿ ಏನೂ ಕಾಣಲಿಲ್ಲ. ಜೀವಂತ ಇರುವವರ ಹೆಸರು, ಬರೆದವರಿಗೆ ಬಿಟ್ಟು ಬೇರೆಯವರಿಗೆ ಕಾಣಿಸುವುದಿಲ್ಲವೆಂಬುದು ಅಲ್ಲಿನ ನಿಯಮ. ತೀರಿಕೊಂಡ ಮೇಲೆಯೇ ಎಲ್ಲರಿಗೂ ದರ್ಶನ. ಅಳುಕುತ್ತ ಇದನ್ನು ವಿವರಿಸಿದೆ.

“ಅಷ್ಟ ಅಲ್ಲ? ಸತ್ತಾಳ ಅಂತ ಒತ್ತಿಬಿಡೋ.”

“ಅತ್ತಿ, ಹಂಗ ಅನಬಾರದು.”

“ನನ್ನ ಹೆಸರ ನಾ ನೋಡೂದಕ್ಕ ನಾ ಸಾಯಬೇಕಂದ್ರ ಅದೇನ್ ಪುಕ್ಕಟೆ ಆತೋ? ಭಾಳ ತುಟ್ಟಿ ಆತು,” ಎಂದು ಅತ್ತಿ ಫೋನು ಇಟ್ಟಳು. ಒಂದಂತೂ ನನಗೆ ಸ್ಪಷ್ಟವಾಯಿತು. ಈಗ ನಾನು ಟೈಪ್ ಮಾಡಿದ ಹೆಸರು ಅತ್ತಿಗೆ ಬೇಕಾಗಿರಲಿಲ್ಲ. ಆ ದಿನ ಹೆಳವ ಏನು ಬರೆದ ಎಂಬುದೇ ಬೇಕಾಗಿತ್ತು.

ಇಲ್ಲಿ ನನ್ನ ಜಾಣತನವನ್ನು ನೀವು ಮೆಚ್ಚಲೇಬೇಕು. ಅದೇ ಜಾಲತಾಣವನ್ನು ಕೆದಕುತ್ತ ಹೋದಾಗ, ಹೆಳವರ ಹಳೆಯ ಪುಸ್ತಕಗಳ ಪುಟಗಳನ್ನೂ ಫೋಟೋ ತೆಗೆದು ಹಾಕಿದ್ದಾರೆಂದು ತಿಳಿಯಿತು. ಜಿಲ್ಲೆ, ತಾಲೂಕು, ಊರು, ಮನೆತನ ಎಂದು ಪಟ್ಟಿಯೂ ಇತ್ತು. ಮೂರು ದಿನ ಒಂದೊಂದೇ ಪುಟ ಸರಿಸಿದೆ. ನಾಲ್ಕನೆಯ ದಿನ ಮಧ್ಯಾಹ್ನ ಬೀಡಿಯ ನಮ್ಮ ಮನೆತನದ ಪುಟ ಕಣ್ಮುಂದೆ ಬಂತು. ಸಂತೋಷಕ್ಕೆ ಕೂಗಿದೆ. ಮಹಾದೇವಿ ಲೈಟ್ ಬಿಲ್ಲು ಸಿಕ್ಕಿತೆಂದು ಓಡಿಬಂದಳು.

ಆದರೆ ಓದಲು ಬರಲಿಲ್ಲ. ಶಬ್ದಕ್ಕೂ ಶಬ್ದಕ್ಕೂ ನಡುವೆ ಬೆರಳಿಡಲು ಜಾಗವಿಲ್ಲದಂತೆ ಬರೆದ ಬರಹ. ದೀರ್ಘವಿಲ್ಲ, ಒತ್ತಕ್ಷರ ಎಲ್ಲೋ, ಸಾಲು ಎಲ್ಲೋ. ಅಂಚಿನಲ್ಲಿ ಅಡ್ಡಡ್ಡ ಇನ್ನಷ್ಟು ಬರಹ. ನಾನು ಚಷ್ಮಾ ಬದಲಿಸಿದೆ, ಪುಟವನ್ನು ದೊಡ್ಡದು ಮಾಡಿದೆ, ತಲೆಕೆಳಗು ಮಾಡಿದೆ. “ಬಸಪ” ಎಂದು ಎರಡು ಕಡೆ ಸಿಕ್ಕಿತು. ಉಳಿದದ್ದು ನನಗೆ ಜ್ವರದ ಮಾತ್ರೆಯ ಹೆಸರಿನಂತೆಯೇ ಕಾಣುತ್ತಿತ್ತು. ಮೂವತ್ತನಾಲ್ಕು ವರ್ಷದ ಹೆಮ್ಮೆ ಒಂದೇ ಪುಟದಲ್ಲಿ ಇಳಿದುಹೋಯಿತು. ಕೊನೆಗೆ ಕಾಕಾನ ಮಗನಿಂದ ಗುಟ್ಟಾಗಿ ಈಗಿನ ಹೆಳವರ ನಂಬರು ತರಿಸಿಕೊಂಡೆ. ಯಮನಪ್ಪನವರೆಂದು ಅವರ ಹೆಸರು. ಅತ್ತಿಯಿಂದ ಕರು ಇಸಿದುಕೊಂಡವರ ಮಗ. ಆ ವಾರ ತಾವು ಹೆಸರು ಹಾಡುವ ಒಕ್ಕಲು ಮನೆಗಳಿಗಾಗಿ ಖಾನಾಪುರದಲ್ಲಿ ಇರುವುದಾಗಿ ಹೇಳಿದರು.

ಮರುದಿನ ಬಸ್ಸು ಹತ್ತಿದೆ. ಖಾನಾಪುರದ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಕೂತಿದ್ದರು, ಅರವತ್ತು ಮೀರಿದ ತೆಳ್ಳನೆಯ ಮನುಷ್ಯ. ಎತ್ತಿನ ಬದಲು ಹೊರಗೆ ಒಂದು ಮೋಟರ್ ಸೈಕಲ್ಲು ನಿಂತಿತ್ತು. ಅದರ ಹಿಂದಿನ ಸೀಟಿಗೆ ಕೆಂಪು ಬಟ್ಟೆಯ ಗಂಟು ಬಿಗಿದಿತ್ತು. ಅಂಗಡಿಯವನು ಅತ್ತ ಮರಾಠಿಯಲ್ಲಿ, ಇತ್ತ ಕನ್ನಡದಲ್ಲಿ ಗಿರಾಕಿಗಳನ್ನು ವಿಚಾರಿಸುತ್ತಿದ್ದ. ನಾನು ಮೊಬೈಲು ತೆಗೆದು ಪುಟ ತೋರಿಸಿದೆ. ಯಮನಪ್ಪನವರು ಎರಡೂ ಕೈ ಒರೆಸಿಕೊಂಡು ಮೊಬೈಲು ಹಿಡಿದರು.

“ಇದು ನಮ್ಮಪ್ಪನ ಕೈರೀ,” ಎಂದು ಬಹಳ ಹೊತ್ತು ನೋಡಿದರು. “ಫೋಟೋ ತೆಗಿಯಾಕ ನಾನ ಕೊಟ್ಟಿದ್ನಿ. ಪುಸ್ತಕ ನುಸಿ ಹಿಡಿಯಾಕತ್ತಿತ್ತು. ಆದ್ರ ಇದರಾಗ ನಾ ಇವತ್ತ ನೋಡಿದ್ದ ನೋಡ್ರಿ.”

“ಹಂಗಾರ ಓದ್ರೆಲ್ಲ. ನನಗ ಒಂದ ಹೆಸರು ಬೇಕಾಗೈತಿ.”

ಅವರು ಮೊಬೈಲನ್ನು ನನ್ನ ಕೈಗೆ ವಾಪಸು ಇಟ್ಟರು. “ಚಾದಂಗಡ್ಯಾಗ ಮನೆತನ ಓದಂಗಿಲ್ರಿ. ಆ ಮನಿ ಹೊಸ್ತಿಲಕ್ಕ ಹೋಗಬೇಕು, ಮುಂಜಾನೆ ಆಗಿರಬೇಕು, ಮನಿ ಮಂದಿ ಎದುರಿಗಿರಬೇಕು. ಹಿರೇರು ಹಾಕಿದ ಕಟ್ಟರೀ ಅದು.”

“ಈಗ ಜಗತ್ತಿನ್ಯಾಗ ಯಾರ ಬೇಕಾದವರು ನೋಡಬಹುದಲ್ರಿ, ಪುಕ್ಕಟೆ?”

“ನೋಡಲಿ ಬಿಡ್ರಿ. ನೋಡಿದಾರಿಗೆಲ್ಲಾ ಓದಾಕ ಬರಬೇಕಲ್ಲ?” ಎಂದು ನಕ್ಕರು. ನಾನು ಚಹಾ ಕುಡಿದೆ. ಮರುದಿನ ಬೆಳಿಗ್ಗೆ ಬೀಡಿಗೆ ಬರಲು ಒಪ್ಪಿದರು. ಏಳುವಾಗ, “ಸಾಹೇಬ್ರ, ಬೆಳಗಾವ್ಯಾಗ ನಿಮ್ಮ ಮನಿ ಎಲ್ಲೈತ್ರಿ?” ಎಂದು ಕೇಳಿದರು. ನೆಹರು ನಗರ ಎಂದೆ. ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, “ಹಾಂ,” ಎಂದಷ್ಟೇ ಹೇಳಿ ಗಾಡಿ ಚಾಲೂ ಮಾಡಿದರು. ದೊಡ್ಡ ಬಡಾವಣೆಯಲ್ಲಿರುವವನೆಂದು ಗೌರವ ಬಂದಿರಬೇಕೆಂದುಕೊಂಡೆ.

ಮರುದಿನ ಮಹಾದೇವಿಯನ್ನೂ ಕರೆದುಕೊಂಡು ಬೀಡಿಗೆ ಹೋದೆ. ಮನೆಯ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕಿದ್ದರು. ಯಮನಪ್ಪನವರು ಹೊಸ್ತಿಲ ಹೊರಗೆ ಕಂಬಳಿಯ ಮೇಲೆ ಕೂತು ಗಂಟು ಬಿಚ್ಚಿದರು. ಹದಿನಾರು ಮಂದಿ ನೆರೆದರು. ಹಿಂದಿನ ರೂಢಿಯಂತೆ ಅತ್ತಿ ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವರೇ, “ಯವ್ವಾ, ಹೊರಗ ಬರ್ರಿ. ಮುಂದ ಕುಂದರ್ರಿ,” ಎಂದು ಕರೆದರು. ಅವಳು ಸೆರಗು ಸರಿಮಾಡಿಕೊಂಡು ಹೊಸ್ತಿಲ ಮೇಲೆಯೇ ಕೂತಳು. ಹೆಸರು ಇಲ್ಲದೆ ಹೋದರೆ ಈ ಸಭೆ ಕೂಡಿಸಿದ ಪಾಪ ನನ್ನದೇ.

ಮೊದಲು ಹಾಡಿದರು. ಬಸಪ್ಪ, ಶಿವಪುತ್ರ, ಬಸಪ್ಪ, ಶಿವಪುತ್ರ. ನಾನು ನಾಲ್ಕು ದಿನ ಹೆಣಗಿದ ಕಗ್ಗಂಟು ಅವರ ಬಾಯಲ್ಲಿ ನೂಲಿನಂತೆ ಬಿಚ್ಚಿಕೊಂಡು ಹೋಯಿತು. ಆಮೇಲೆ ಅತ್ತಿಯ ಕೋರಿಕೆಯನ್ನು ನಾನು ಹೇಳಿದೆ. ಅವರು ಹಾಡು ನಿಲ್ಲಿಸಿ, ಪುಟ ತಿರುವಿ, ಅಂಚಿನಲ್ಲಿದ್ದ ಅಡ್ಡ ಬರಹಕ್ಕೆ ಬೆರಳಿಟ್ಟರು.

“ಬಸಪ್ಪಗ ಗಂಡು ಕೂಸು ಹುಟ್ಟಿ ಶಿವಪುತ್ರ ಅಂತ ಹೆಸರು. ಈ ಹೆಸರು ಬರಸಾಕ ಮನ್ಯಾಗ ಅನುಕೂಲ ಇಲ್ಲದಾಗ, ಕೂಸಿನ ಸ್ವಾದರತ್ತಿ ನೀಲವ್ವ ತಾ ಸಾಕಿದ ಆಕಳ ಕರು ಕೊಟ್ಟಾಳ. ಈ ಮನಿ ನಡಸಾಕಿ ಈಕಿನ. ಈಕಿ ಹೆಸರು ಇಲ್ಲಿ ಇರಬೇಕು.”

ಅತ್ತಿ, “ಇನ್ನೊಮ್ಮೆ ಓದ್ರಿ,” ಎಂದಳು. ಅವರು ಓದಿದರು. ಅವಳು ಮೂರನೆಯ ಸಲವೂ ಓದಿಸಿದಳು. ಕಣ್ಣೀರು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ನಾನೂ ಅತ್ತೆ, ಸುಳ್ಳೇಕೆ ಹೇಳಲಿ. ಆ ಕರು ನನ್ನ ಹೆಸರಿಗಾಗಿ ಹೋಗಿತ್ತೆಂದು ಅವಳು ಒಮ್ಮೆಯೂ ಹೇಳಿರಲಿಲ್ಲ. ಕೇಳಿದರೆ, “ಅದರಾಗ ಏನ ಹೇಳೂದೋ? ನಿನಗ ಹೆಸರ ಬೇಕಿತ್ತಲ್ಲ,” ಎಂದಳು. ಅಷ್ಟೊತ್ತಿಗೆ ನಾನು ನನ್ನ ಶೋಧನೆಯ ಫಲವನ್ನು ನೋಡಿ ಬಹಳ ಉಬ್ಬಿದ್ದೆ. ಎದ್ದು ನಿಂತು, ದಾಖಲೆಗಳ ಮಹತ್ವದ ಬಗ್ಗೆ ನಾಲ್ಕು ಮಾತಾಡಲು ಗಂಟಲು ಸರಿಮಾಡಿಕೊಂಡೆ.

“ಸಾಹೇಬ್ರ, ಮುಂದಿನ ಪುಟ ಸರಿಸಿ ನೋಡ್ಲಿಲ್ಲೇನ್ರಿ?” ಎಂದು ಯಮನಪ್ಪನವರು ಮೆಲ್ಲಗೆ ಕೇಳಿದರು.

ನೋಡಿರಲಿಲ್ಲ. ನಮ್ಮ ಪುಟ ಸಿಕ್ಕ ಸಂಭ್ರಮದಲ್ಲಿ ಅಲ್ಲಿಗೇ ನಿಲ್ಲಿಸಿದ್ದೆ. ಮೊಬೈಲಿನಲ್ಲಿ ಸರಿಸಿದೆ. ಈ ಪುಟ ಯಮನಪ್ಪನವರ ಸ್ವಂತ ಕೈಬರಹ, ಮೂರನೆಯ ಇಯತ್ತೆಯ ಮಕ್ಕಳೂ ಓದುವಷ್ಟು ದುಂಡಗೆ, ಬಿಡಿಬಿಡಿಯಾಗಿತ್ತು. ಕಾಕಾನ ಸೊಸೆ ನನ್ನ ಭುಜದ ಮೇಲಿಂದ ಬಗ್ಗಿ, ಎಲ್ಲರಿಗೂ ಕೇಳುವಂತೆ ಓದಿದಳು: “ಶಿವಪುತ್ರನ ಮನೆ ಬೆಳಗಾವಿ ನೆಹರು ನಗರ. ಹೆಂಡತಿ ಮಕ್ಕಳ ಹೆಸರು ಬರೆಯಲು ಹೋದೆನು. ಬಹಳ ಹೊತ್ತು ಗಂಟೆ ಒತ್ತಿದೆನು. ಮನೆಯಲ್ಲಿ ಯಾರೂ ಇಲ್ಲ ಎಂದು ಒಳಗಿನಿಂದ ಗಂಡಸರು ಹೇಳಿದರು. ತಿರುಗಿ ಬಂದೆನು.”

ಮೊದಲು ನಕ್ಕವಳು ಮಹಾದೇವಿ. ಹನ್ನೆರಡು ವರ್ಷ ಅವಳು ಹೇಳಿಕೊಂಡು ಬಂದ ಕಥೆಗೆ ಇದೀಗ ಲಿಖಿತ ಸಾಕ್ಷಿ ಸಿಕ್ಕಿತ್ತು. ಆಮೇಲೆ ಹದಿನಾರು ಮಂದಿಯೂ ನಕ್ಕರು. ನಾನು ಭಾಷಣ ನುಂಗಿಕೊಂಡು ಕೂತೆ. ಯಮನಪ್ಪನವರ ಕಾಲಕ್ಕೆ ಹೆಂಗಸರ ಹೆಸರನ್ನೂ ಬರೆಯುವುದು ರೂಢಿಯಾಗಿ, ಮನೆಯ ಎಲ್ಲರ ಹೆಂಡತಿ ಮಕ್ಕಳ ಹೆಸರೂ ಆ ಪುಸ್ತಕದಲ್ಲಿತ್ತು. ಇಲ್ಲದೆ ಇದ್ದದ್ದು ಮಹಾದೇವಿಯ ಹೆಸರು, ನನ್ನ ಇಬ್ಬರು ಹೆಣ್ಣುಮಕ್ಕಳ ಹೆಸರು. ಅತ್ತಿ ಒಂದು ಕರು ಕೊಟ್ಟು ಒಳಗೆ ಸೇರಿಸಿದ ಹೆಸರನ್ನು ಮುಂದೆ ಬೆಳೆಯದಂತೆ ನಾನೇ ಒಳಗಿನಿಂದ ಚಿಲಕ ಹಾಕಿ ನಿಲ್ಲಿಸಿಬಿಟ್ಟಿದ್ದೆ.

“ಯಮನಪ್ಪನವರ, ತಪ್ಪಾತು. ಈಗ ಇಲ್ಲೇ ಬರ್ಕೊಂಡ ಬಿಡ್ರಿ,” ಎಂದು ಕೈ ಮುಗಿದೆ. ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಪೆನ್ನಿಗೆ ಟೊಪ್ಪಿಗೆ ಹಾಕಿದರು.

“ಇಲ್ಲೆ ಬರದ್ರ ನಡಿಯಂಗಿಲ್ರಿ. ನಿಮ್ಮ ಒಲಿ ಬ್ಯಾರೆ ಆಗೇತಿ, ಹೊಸ್ತಿಲಾನೂ ಬ್ಯಾರೆ. ನಿಮ್ಮ ಹೊಸ್ತಿಲಕ್ಕ ಬಂದ ಬರೀಬೇಕು.”

“ಯಾವಾಗ ಬರ್ತೀರಿ?”

“ಸರದಿ ಬಂದಾಗ ಬರ್ತೀನ್ರಿ.”

“ಬರೂ ಮದಲ ಒಂದ ಫೋನ್…” ಎನ್ನಲು ಹೋದೆ. ನಮ್ಮ ಬಾಗಿಲ ಬೋರ್ಡು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಅತ್ತಿ ನನ್ನ ಬೆನ್ನ ಮೇಲೆ ಕೈಯಾಡಿಸಿ, “ಮಾರಿ ಯಾಕ ಸಣ್ಣ ಮಾಡತಿಯೋ? ನಾ ಅರವತ್ತ ವರ್ಷ ಕಾದ್ನಿ. ನಿನಗಿನ್ನಾ ಹನ್ನೆರಡ ಆಗ್ಯಾವು,” ಎಂದಳು.

ಬೆಳಗಾವಿಗೆ ಮರಳಿದವನೇ ಬೋರ್ಡು ಕಿತ್ತು ಹಾಕಿದೆ. ಅಂದಿನಿಂದ ಗಂಟೆ ಬಾರಿಸಿದರೆ ಸಾಕು, ಅರ್ಧ ತುತ್ತು ಬಾಯಲ್ಲಿಟ್ಟುಕೊಂಡು ಓಡುತ್ತೇನೆ. ಇದರಿಂದ ಆದ ಪ್ರಯೋಜನವನ್ನು ಹೇಳುವುದಾದರೆ, ಮನೆಗೆ ಎರಡು ಕಸಬರಿಗೆಯ ಸೆಟ್ಟು, ನೀರು ಶುದ್ಧ ಮಾಡುವ ಯಂತ್ರವೊಂದು ಬಂದಿದೆ. ಖಾನಾಪುರದ ಕಡೆಯ ಮೊಣಕಾಲುಗಳೂ ಮತ್ತೆ ಬರತೊಡಗಿವೆ. ನಾನು ಅವರ ಅಜ್ಜನ ಹೆಸರು ಕೇಳಿ ಬರೆದುಕೊಂಡು, ಆಮೇಲೆ ಚಾಪೆ ಹಾಸುತ್ತೇನೆ. ಬೀಡಿಯ ಪಡಸಾಲೆಯಲ್ಲಿ ಫ್ಲೆಕ್ಸು ಬಂದಿದೆ. ಅದರಲ್ಲಿ ನೀಲವ್ವನೆಂಬ ಹೆಸರು ಉಳಿದೆಲ್ಲರಿಗಿಂತ ದೊಡ್ಡದಾಗಿದೆ. ಪಕ್ಕದಲ್ಲಿ ಒಂದು ಕರುವಿನ ಚಿತ್ರವನ್ನೂ ಹಾಕಿಸಿದ್ದೇನೆ.

ನನ್ನ ಕೀರ್ತಿ ಮಾತ್ರ ಎಲ್ಲೆಡೆ ಹಬ್ಬಿತು. ಅರವತ್ತು ವರ್ಷದ ಹಳೆಯ ಹೆಸರನ್ನು ಮೊಬೈಲಿನಲ್ಲಿ ಪತ್ತೆಹಚ್ಚಿದವನೆಂದು ನಮ್ಮ ಬಡಾವಣೆಯ ಹಿರಿಯ ನಾಗರಿಕರು ಕಳೆದ ವಾರ ನನ್ನ ಉಪನ್ಯಾಸ ಇಟ್ಟುಕೊಂಡರು. ವಿಷಯ, “ನಿಮ್ಮ ವಂಶಾವಳಿ, ನಿಮ್ಮ ಬೆರಳ ತುದಿಯಲ್ಲಿ.” ಚಪ್ಪಾಳೆಗೆ ನಮ್ಮವರೆಂದು ಒಬ್ಬರಾದರೂ ಬೇಕಲ್ಲ, ಮಹಾದೇವಿಯನ್ನೂ ಒತ್ತಾಯದಿಂದ ಕರೆದೊಯ್ದೆ. ಒಂದೂವರೆ ತಾಸು ಮಾತಾಡಿದೆ. ಶಾಲು, ಹಾರ, ತೆಂಗಿನಕಾಯಿ ಹಿಡಿದುಕೊಂಡು ಮನೆಗೆ ಬಂದರೆ ಎದುರುಮನೆಯವರು ಹೊರಗೆ ನಿಂತಿದ್ದರು. ಮೋಟರ್ ಸೈಕಲ್ಲಿನ ಮೇಲೆ ಕೆಂಪು ಗಂಟು ಕಟ್ಟಿಕೊಂಡು ಯಾರೋ ಬಂದಿದ್ದರೆಂದೂ, ಬಹಳ ಹೊತ್ತು ಗಂಟೆ ಒತ್ತಿ, ನಮ್ಮ ಮೆಟ್ಟಿಲ ಮೇಲೆ ಕೂತು ಏನೋ ಬರೆದುಕೊಂಡು ಹೋದರೆಂದೂ ಹೇಳಿದರು.

ಹಾರವನ್ನೂ ತೆಗೆಯದೆ ಫೋನು ಮಾಡಿದೆ.

“ಬಂದಿದ್ನಿರೀ ಸಾಹೇಬ್ರ. ಈ ಸಲ ಒಳಗಿಂದ ಯಾರೂ ಮಾತಾಡಲಿಲ್ಲ,” ಎಂದರು ಯಮನಪ್ಪನವರು.

“ಖರೇನ ಯಾರೂ ಇರ್ಲಿಲ್ರೀ! ಏನ್ ಬರದ್ರಿ?”

“ಫೋನಿನ್ಯಾಗ ಮನೆತನ ಓದಂಗಿಲ್ಲಲ್ರಿ.”

ಈಗ ದಿನಾ ಬೆಳಿಗ್ಗೆ ಎದ್ದು ಆ ಜಾಲತಾಣದಲ್ಲಿ ನಮ್ಮ ಮನೆತನದ ಮುಂದಿನ ಪುಟ ಬಂದಿದೆಯೇ ಎಂದು ನೋಡುತ್ತೇನೆ. ಇನ್ನೂ ಬಂದಿಲ್ಲ. ಬಂದರೆ ಜಗತ್ತಿನ ಯಾರು ಬೇಕಾದರೂ ಓದಬಹುದು, ಉಚಿತವಾಗಿ. ಯಮನಪ್ಪನವರ ಕೈಬರಹ ಬೇರೆ ಅಷ್ಟು ದುಂಡಗಿದೆ. ವಿಷಯವನ್ನು ಅತ್ತಿಗೆ ಮುಚ್ಚಿಡುವುದು ಸರಿಯಲ್ಲವೆಂದು ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಭಾಳ ಚೊಲೋ ಕರು ಇತ್ತೋ ಯಪ್ಪಾ,” ಎಂದಳು. “ದಂಡ ಆತು.”